ಉಪ್ಪು ಸೋಕದ ಕಾರು

ನನ್ನ ಮಗ ನಾರ್ಬರ್ಟ್ ತೀರಿಕೊಂಡ ಸುದ್ದಿ ಬಂದ ಬೆಳಿಗ್ಗೆ ನಾನು ಒಲೆಯ ಮುಂದೆ ನಿಂತು ಪೂಂಚ್ಕಿ ಕರಿಯುತ್ತಿದ್ದೆ. ಮರುದಿನ ಬೂದಿ ಬುಧವಾರ. ಉಪವಾಸದ ಕಾಲ ಹಿಡಿಯುವ ಮೊದಲು ಮನೆಯಲ್ಲಿರುವ ಬೆಣ್ಣೆ, ಮೊಟ್ಟೆ, ಸಕ್ಕರೆಯನ್ನೆಲ್ಲ ಈ ಸಿಹಿ ಉಂಡೆಗಳಿಗೆ ಹಾಕಿ ಮುಗಿಸುವುದು ನಮ್ಮ ಪೋಲಿಷ್ ಮನೆಗಳ ಪದ್ಧತಿ. ಕಾರು ಕಾರ್ಖಾನೆಗಳ ಈ ನಮ್ಮ ಊರು ವಾರೆನ್ನಿನಲ್ಲಿ ಈಗ ಹೆಚ್ಚಿನವರು ಬೇಕರಿಯ ಮುಂದೆ ಸಾಲು ನಿಂತು ಕೊಂಡು ತರುತ್ತಾರೆ. ನನಗೆ ಅದು ಸರಿಬರುವುದಿಲ್ಲ.

ಬಾಗಿಲು ತೆರೆದಾಗ ಒಬ್ಬ ಪೊಲೀಸಿನವನು ಟೋಪಿ ತೆಗೆದು ಕೈಯಲ್ಲಿ ಹಿಡಿದು ನಿಂತಿದ್ದ. ಅವನ ಹಿಂದೆ ಸೊಸೆ ಕೊಲೀನ್. ಇದೇ ಬೀದಿಯ ತಮ್ಮ ಮನೆಯಿಂದ ಹಿಮದಲ್ಲಿ ಮನೆಯ ಚಪ್ಪಲಿಯಲ್ಲೇ ಬಂದುಬಿಟ್ಟಿದ್ದಳು.

"ಅಮ್ಮಾ, ಒಲೆ ಆರಿಸಿ" ಎಂದಳು.

"ಯಾಕೆ? ಏನಾಯ್ತು?"

"ಮೊದ್ಲು ಒಲೆ ಆರಿಸಿ ಅಮ್ಮಾ. ಆಮೇಲೆ ಹೇಳ್ತೀನಿ."

ಆಗಲೇ ನನಗೆ ತಿಳಿಯಿತು. ಒಲೆ ಆರಿಸಿದೆ. ಎಣ್ಣೆಯಲ್ಲಿದ್ದವು ಹಾಗೇ ಕಪ್ಪಾದವು.

ಪೊಲೀಸಿನವನು ಒಳಗೆ ಬಂದು ಕುಳಿತು ನಿಧಾನವಾಗಿ ಹೇಳಿದ. ನಾರ್ಬರ್ಟ್ ಬೆಳಗಿನ ಪಾಳಿಗೆ ಕಾರ್ಖಾನೆಗೆ ಹೊರಟಿದ್ದ. ರಾತ್ರಿ ಮಳೆ ಬಿದ್ದು, ಬಿದ್ದದ್ದು ರಸ್ತೆಯ ಮೇಲೆ ಗಾಜಿನಂತೆ ಹೆಪ್ಪುಗಟ್ಟಿತ್ತು. ಹೆಪ್ಪು ಕರಗಲೆಂದು ಉಪ್ಪು ಎರಚುವ ಲಾರಿ ಆ ಮೇಲ್ಸೇತುವೆಗೆ ಇನ್ನೂ ಬಂದಿರಲಿಲ್ಲ. ಗಾಡಿ ಜಾರಿ ಅಡ್ಡ ತಿರುಗಿ ಕಾಂಕ್ರೀಟ್ ಗೋಡೆಗೆ ಬಡಿಯಿತು. ನೋವು ಪಡಲು ಸಮಯವೇ ಇರಲಿಲ್ಲ ಎಂದ. ಅದು ನಿಜವೋ, ತಾಯಂದಿರಿಗೆ ಹೇಳುವ ಮಾತೋ ನನಗೆ ಗೊತ್ತಿಲ್ಲ. ನಾನು ಕೇಳಲಿಲ್ಲ.

"ಯಾವ ಗಾಡಿ?" ಎಂದು ಮಾತ್ರ ಕೇಳಿದೆ.

"ಗುಜರಿ ಗಾಡಿ" ಎಂದಳು ಕೊಲೀನ್. "ಇನ್ನೇನು ಆ ಕಾರು ತೆಗೀತಾನಾ ಅವನು, ಫೆಬ್ರವರಿಲಿ?"

ನಾರ್ಬರ್ಟ್‌ಗೆ ಎರಡು ಗಾಡಿಗಳಿದ್ದವು. ನಮ್ಮ ಕಡೆ ಕಾರಿನ ಹುಚ್ಚಿರುವ ಎಲ್ಲರಿಗೂ ಎರಡು ಇರುತ್ತವೆ. ಒಳ್ಳೆಯದನ್ನು ಚಳಿಗಾಲದ ಮೊದಲ ಉಪ್ಪು ರಸ್ತೆಗೆ ಬೀಳುವ ಮುನ್ನ ಗ್ಯಾರೇಜಿಗೆ ಸೇರಿಸಿ, ಬಟ್ಟೆ ಹೊದಿಸಿ, ಇಲಿ ಬಾರದಂತೆ ಒಳಗೆ ಸೋಪಿನ ವಾಸನೆಯ ಹಾಳೆ ಇಟ್ಟು ಮಲಗಿಸುತ್ತಾರೆ. ವಸಂತದ ಮಳೆ ಉಪ್ಪನ್ನೆಲ್ಲ ತೊಳೆದ ಮೇಲೆಯೇ ಅದು ಹೊರಗೆ ಬರುವುದು. ಉಪ್ಪು ತಗಡನ್ನು ತಿನ್ನುತ್ತದೆ. ನಡುವಿನ ಕೆಟ್ಟ ತಿಂಗಳುಗಳಿಗೆ ಒಂದು ತುಕ್ಕು ಹಿಡಿದ ಡಬ್ಬಾ. ಅದಕ್ಕೆ ಯಾರೂ ಒಂದು ಡಾಲರ್ ಹೆಚ್ಚು ಹಾಕುವುದಿಲ್ಲ. ಹಾಕಿದರೆ ಜೊತೆಯವರು ನಗುತ್ತಾರೆ.

ಆ ಒಳ್ಳೆಯ ಕಾರು ಬಂದದ್ದು ಸೆಪ್ಟೆಂಬರಿನಲ್ಲಿ. ಕೊಳ್ಳುವ ಮುಂಚಿನ ಭಾನುವಾರ ನನ್ನ ಅಡುಗೆಮನೆಯ ಮೇಜಿನ ಸುತ್ತ ನಡೆದ ಮಾತು ನನಗೆ ಚೆನ್ನಾಗಿ ನೆನಪಿದೆ. ನಾನು ಚರ್ಚಿನಲ್ಲಿ ಪೂಜೆ ಮುಗಿಸಿ ಬಂದಿದ್ದೆ. ನಾರ್ಬರ್ಟ್ ಕಾರ್ಖಾನೆಯಿಂದ ನೇರ ಬಂದಿದ್ದ. ಅವನು ಕಾರಿನ ತಗಡನ್ನು ಅಚ್ಚೊತ್ತುವ ಯಂತ್ರಗಳಲ್ಲಿ ಕೆಲಸ ಮಾಡುತ್ತಿದ್ದ, ಶನಿವಾರ ಭಾನುವಾರಗಳಲ್ಲೂ. ಅವನ ಬಾಲ್ಯದ ಗೆಳೆಯ ಡ್ವೇನ್ ಎಲೆಕೋಸಿನ ಸುರುಳಿಗಳನ್ನು ತಟ್ಟೆಗೆ ಹಾಕಿಕೊಳ್ಳುತ್ತಿದ್ದ. ಡ್ವೇನ್‌ಗೆ ಕಾರು ರಿಪೇರಿ ಅಂಗಡಿ ಇದೆ.

"ಮೂರು ವರ್ಷದ ಕೆಳಗೆ ಇದೇ ಎಂಜಿನ್ನು, ಇದೇ ಮೈ. ಅರವತ್ತು ಸಾವಿರಕ್ಕೆ ಕೊಡ್ತಿದ್ರು" ಎಂದ ಡ್ವೇನ್. "ಹೋದ ವರ್ಷ ಎಂಬತ್ತು. ಈಗ ಅಂಗಡಿಯವನು ತನ್ನದೂ ಅಂತ ಮೇಲೊಂದಿಷ್ಟು ಸೇರಿಸಿ ನೂರು ದಾಟಿಸಿದ್ದಾನೆ. ಹೊಸದೇನಿದೆ ಅದ್ರಲ್ಲಿ? ಬೆಲೆ ಒಂದೇ ಹೊಸದು."

"ಬ್ರೇಕು ನೋಡ್ದ್ಯಾ ನೀನು? ಊಟದ ತಟ್ಟೆಗಿಂತ ದೊಡ್ಡದು" ಎಂದ ನಾರ್ಬರ್ಟ್. "ಮುಂದೆ ಎರಡು ಗಾಳಿಬಾಯಿ ಜಾಸ್ತಿ ಕೊಟ್ಟಿದ್ದಾರೆ. ಹಿಂದಿನ ಗಾಲಿ ಅಗಲ ಮಾಡಿದ್ದಾರೆ. ಎಲ್ಲಕ್ಕಿಂತ ಹೆಚ್ಚಾಗಿ ಗೇರು ಕೈಯಲ್ಲೇ ಹಾಕ್ಬೇಕು. ಇನ್ಮೇಲೆ ಬರೋವೆಲ್ಲ ಬ್ಯಾಟರಿ ಗಾಡಿ ಕಣೋ. ನಿಂತಲ್ಲೇ ಫ್ರಿಜ್ ಥರ ಗುಯ್ ಅಂತಿರ್ತವೆ."

"ನಮ್ಮನೆ ಫ್ರಿಜ್ಜು ನಿನಗಿಂತ ವಾಸಿ. ದಿನಾ ಮನೇಲಿರುತ್ತೆ" ಎಂದಳು ಕೊಲೀನ್.

ಡ್ವೇನ್ ನಗುತ್ತ ಕೆಮ್ಮಿದ. ನಾನು ಕೇಳಿದೆ: "ನಾನೂ ನಿಮ್ಮಪ್ಪನೂ ಈ ಮನೆ ಕೊಂಡ ಬೆಲೆಗೆ ಆ ಕಾರಿನ ಬಾಗಿಲಾದ್ರೂ ಬರುತ್ತೇನೋ?"

"ಬಾಗಿಲೇನು, ಮುಂದಿನ ಎರಡು ಸೀಟೂ ಬರುತ್ತಮ್ಮ. ಆದ್ರೆ ಈ ಮನೆ ಅಷ್ಟು ವೇಗವಾಗಿ ಓಡಲ್ವಲ್ಲ."

ನಗೆಯೆಲ್ಲ ಅಡಗಿದ ಮೇಲೆ ಅವನು ನನ್ನನ್ನೇ ನೋಡಿ ಹೇಳಿದ: "ಅಪ್ಪ ಕಾರ್ಖಾನೇಲಿ ಇಂಥ ಕಾರಿನ ಬಾಗಿಲಿನ ತಗಡು ಒತ್ತಿ ಒತ್ತಿ ಸತ್ತ. ಒಂದ್ಸಲಾನೂ ಅದರ ಬಾಗಿಲು ತೆಗೆದು ಒಳಗೆ ಕೂರಲಿಲ್ಲ. ಒಂದು ತಲೆಮಾರಿಗಾದ್ರೂ ಒಂದು ಬೇಡ್ವಾ ನಮಗೆ?"

ಅವನಿಗೆ ಆರು ವರ್ಷವಿದ್ದಾಗ ನನ್ನ ಗಂಡ ಅವನನ್ನು ಆಗಸ್ಟ್ ತಿಂಗಳಲ್ಲಿ ಕಾರುಗಳ ಮೆರವಣಿಗೆ ಸಾಗುವ ವುಡ್‌ವರ್ಡ್ ರಸ್ತೆಯ ಬದಿಗೆ ಕರೆದುಕೊಂಡು ಹೋಗುತ್ತಿದ್ದ. ಮಡಚುವ ಕುರ್ಚಿ ಹಾಕಿಕೊಂಡು ಬೇರೆಯವರ ಕಾರು ಹೋಗುವುದನ್ನು ಇಬ್ಬರೂ ಸಂಜೆಯವರೆಗೆ ನೋಡುತ್ತ ಕೂರುತ್ತಿದ್ದರು.

ಕಾರನ್ನು ಅಂಗಡಿಯಿಂದ ಮನೆಗೆ ತಂದದ್ದು ಬಿಟ್ಟರೆ ಅವನು ಅದನ್ನು ಮತ್ತೆ ಓಡಿಸಲೇ ಇಲ್ಲ. ಅಕ್ಟೋಬರ್ ಪೂರ್ತಿ ಓವರ್‌ಟೈಮ್ ಕೆಲಸ. ನವೆಂಬರಿನಲ್ಲಿ ಹಿಮ ಬೇಗ ಬಿತ್ತು. "ಮೇ ಬರ್ಲಿ ಅಮ್ಮಾ, ಮೊದ್ಲು ನಿನ್ನನ್ನೇ ಕೂರಿಸ್ಕೊಂಡು ಹೋಗ್ತೀನಿ" ಎನ್ನುತ್ತ ಬಟ್ಟೆ ಹೊದಿಸಿದ. ಗುಜರಿ ಗಾಡಿಗೆ ಹೊಸ ಟೈರು ಹಾಕಿಸೋ ಎಂದು ಕೊಲೀನ್ ಹೇಳಿದಳು. "ಆ ಗಾಡಿ ಮಾರಿದ್ರೆ ನಾಲ್ಕು ಟೈರಿನ ದುಡ್ಡು ಹುಟ್ಟಲ್ಲ. ಅದಕ್ಕೆ ಟೈರಾ? ಇನ್ನೊಂದು ಚಳಿಗಾಲ ತಳ್ಳಲಿ ಸಾಕು" ಎಂದ. ನಮ್ಮ ಬೀದಿಯ ಯಾವ ಗಂಡಸಾದರೂ ಅದೇ ಮಾತು ಹೇಳುತ್ತಿದ್ದ.

ಮಣ್ಣು ಮಾಡುವ ದಿನ ಅವನ ಕಾರಿನ ಸಂಘದ ಗೆಳೆಯರೆಲ್ಲ ಬಂದರು. ಬೇಸಿಗೆಯಲ್ಲಿ ಅವರ ಕಾರುಗಳು ಸೇರಿದರೆ ನೆಲ ನಡುಗುತ್ತದೆ, ಕಿಟಕಿಯ ಗಾಜು ಅದುರುತ್ತದೆ. ಅಂದು ಚರ್ಚಿನ ಮುಂದೆ ನಿಂತದ್ದು ತುಕ್ಕು ತಿಂದ ಸಣ್ಣ ಗಾಡಿಗಳ ಸಾಲು. ಒಂದರ ಬಾಗಿಲಿಗೆ ಪ್ಲಾಸ್ಟಿಕ್ ಹಾಳೆ ಅಂಟಿಸಿತ್ತು.

ಡ್ವೇನ್ ನನ್ನ ಕೈ ಹಿಡಿದುಕೊಂಡು ತಲೆ ತಗ್ಗಿಸಿದ. "ರಸ್ತೆ ತುಂಬ ಉಪ್ಪು, ಮಿಸೆಸ್ ಡಿ. ಮೇ ತಿಂಗಳಲ್ಲಿ ಎಲ್ಲ ಕಾರೂ ತರ್ತೀವಿ. ಸ್ಮಶಾನದವರೆಗೆ ಸಾಲಾಗಿ ಹೋಗಿ ಅವನನ್ನ ಸರಿಯಾಗಿ ಕಳಿಸಿಕೊಡ್ತೀವಿ."

"ಅವನು ಇವತ್ತೇ ಹೊರಟಿದ್ದಾನಲ್ಲಪ್ಪ" ಎಂದೆ.

ಅವನು ಅತ್ತ. ಕೆಟ್ಟ ಹುಡುಗನಲ್ಲ. ಅವನ ತಾಯಿಗೆ ಹುಷಾರಿಲ್ಲದಾಗ ನಾನೇ ಅವನಿಗೆ ಊಟ ಹಾಕಿದ್ದೇನೆ. ನಮ್ಮ ಮನೆತನದ ಹೆಸರಿನ ಮೊದಲಕ್ಷರ ಹಿಡಿದು ನನ್ನನ್ನು ಮಿಸೆಸ್ ಡಿ ಎನ್ನುವುದು ಅವನಿಗೆ ಚಿಕ್ಕಂದಿನಿಂದಲೇ ರೂಢಿ.

ಚರ್ಚಿನ ನೆಲಮಾಳಿಗೆಯಲ್ಲಿ ಊಟ. ಸಾಸೇಜು, ಆಲೂಗೆಡ್ಡೆ, ಹುಳಿ ಎಲೆಕೋಸು. ಮಾತು ಕಾರಿಗೆ ಬಂದೇ ಬಂತು. ಆ ಎಂಜಿನ್ನನ್ನು ಇನ್ನು ಮಾಡುವುದಿಲ್ಲವೆಂದು ಕಂಪನಿ ಆ ವಾರವೇ ಹೇಳಿತ್ತಂತೆ. ಇರುವ ಕಾರುಗಳ ಬೆಲೆ ಏರಿಬಿಟ್ಟಿತ್ತು. ಅದರಲ್ಲೂ ಓಡದೆ ನಿಂತ ಕಾರು.

"ನಾರ್ಬ್ ಜಾಣ ಕಣ್ರೀ" ಎಂದ ಒಬ್ಬ. "ಆ ಬೆಲೆ ಕೊಡ್ಬೇಡ ಅಂತ ನಾವೆಲ್ಲ ಬಡ್ಕೊಂಡ್ವಿ. ಈಗ ನೋಡಿ, ಕೊಟ್ಟಿದ್ದು ಸರಿಯಾಯ್ತು."

"ಮೀಟರು ನೋಡಿದ್ರೆ ಕಣ್ಣಿಗೊತ್ಕೋಬೇಕು" ಎಂದ ಇನ್ನೊಬ್ಬ. "ಅಂಗಡೀಲಿದ್ದ ಹಾಗೇ ಇದೆ."

ಅವರು ನನ್ನನ್ನು ಸಮಾಧಾನ ಮಾಡಲೆಂದೇ ಹಾಗೆ ಹೇಳಿದರು. ಅಂದಿನಿಂದ ನನ್ನೊಳಗೆ ಒಂದೇ ಮಾತು ಕೊರೆಯತೊಡಗಿತು. ಬೆಲೆ ಸರಿಯಾಯಿತು ಎನ್ನುತ್ತಾರೆ, ಹಾಗಾದರೆ ಅವನಿಗೆ ದಕ್ಕಿದ್ದೇನು? ಅಷ್ಟು ಭಾನುವಾರಗಳನ್ನು ಕೊಟ್ಟು ಕೊಂಡದ್ದರಲ್ಲಿ ಅವನಿಗೆ ಒಂದು ಚೂರಾದರೂ ಸಿಕ್ಕಿತ್ತೇ? ಅದನ್ನು ನಾನು ನನ್ನ ಕಣ್ಣಿನಿಂದ ನೋಡಬೇಕಿತ್ತು. ಸಿಕ್ಕಿತ್ತೆಂದು ಗೊತ್ತಾದರೆ ಬದುಕಿರುವವರೆಗೆ ಅದನ್ನು ಹಿಡಿದುಕೊಂಡು ಇದ್ದುಬಿಡುತ್ತಿದ್ದೆ.

ಕೊಲೀನ್ ಕಾರು ಮಾರುವುದಾಗಿ ಹೇಳಿದಳು. ದೂರದ ಮರುಭೂಮಿಯ ನಾಡು ಅರಿಜೋನಾದಲ್ಲಿ ಇಂಥ ಕಾರುಗಳನ್ನು ಕೂಡಿಡುವ ಒಬ್ಬ ಶ್ರೀಮಂತ ಕೇಳಿದ್ದ. ಮುಚ್ಚಿದ ಲಾರಿಯನ್ನು ಮನೆಯ ಬಾಗಿಲಿಗೇ ಕಳಿಸುತ್ತಾನಂತೆ.

"ಅಪ್ಪನ ಕಾರು ಅದು" ಎಂದಳು ಮೊಮ್ಮಗಳು ಟೆಸ್ಸಾ. ಅವಳಿಗೆ ಕಾರು ಓಡಿಸುವ ಲೈಸೆನ್ಸು ಬಂದು ಇನ್ನೂ ವರ್ಷವಾಗಿಲ್ಲ. "ಇನ್ಯಾರಿಗೋ ಯಾಕೆ ಕೊಡ್ಬೇಕು?"

"ನಿಂಗೆ ಕಾಲೇಜಿಗೆ ಹೋಗೋಕೆ ಗಾಡಿ ಬೇಕು ತಾನೇ? ನಾಲ್ಕು ಗಾಲೀನೂ ಎಳೆಯೋ ಹೊಸ ಗಾಡಿ ತೆಕ್ಕೊಡ್ತೀನಿ. ಒಳ್ಳೇ ಟೈರು ಹಾಕಿಸಿ. ಈ ಮನೇಲಿ ಇನ್ನು ಗುಜರಿ ಅನ್ನೋದು ಬರಕೂಡದು" ಎಂದಳು ಕೊಲೀನ್.

ಅವಳು ಹೇಳಿದ್ದು ಸರಿಯಾಗಿಯೇ ಇತ್ತು. ಆದರೂ ನಾನು ಕೇಳಿದೆ: "ಕೊಡೋಕೆ ಮುಂಚೆ ಒಂದ್ಸಲ ಅದರಲ್ಲಿ ಚರ್ಚಿಗೆ ಹೋಗಿ ಬರೋಣವಾ? ಅವನ ತಿಂಗಳ ಪೂಜೆ ಇದೆ. ಮೂವರೂ ಅದರಲ್ಲೇ ಹೋಗೋಣ. ಅವನು ಕರ್ಕೊಂಡು ಹೋದ ಹಾಗಾಗುತ್ತೆ."

"ಹೇಗೆ ತೆಗೀಲಿ ಅಮ್ಮಾ? ಹೊರಗೆ ಉಪ್ಪಿದೆ" ಎಂದಳು.

ಹೇಳಿದ ಮೇಲೆ ತಾನು ಏನು ಹೇಳಿದೆನೆಂದು ಅವಳಿಗೇ ಕೇಳಿಸಿತು. ಬಾಯಿಗೆ ಕೈ ಅಡ್ಡ ಹಿಡಿದು ಕುಳಿತುಬಿಟ್ಟಳು. ನಾನು ಮತ್ತೆ ಆ ಮಾತೆತ್ತಲಿಲ್ಲ.

ಲಾರಿ ಬರುವ ಹಿಂದಿನ ದಿನ ಮಧ್ಯಾಹ್ನ ಟೆಸ್ಸಾ ನನ್ನನ್ನು ಗ್ಯಾರೇಜಿಗೆ ಕರೆದುಕೊಂಡು ಹೋದಳು. ಬಟ್ಟೆ ಸರಿಸಿದೆವು. ಕಡುಗೆಂಪು ಬಣ್ಣ. ಅಷ್ಟು ಸುಂದರವಾದ ವಸ್ತುವನ್ನು ಮನುಷ್ಯರ ಕೈ ಮಾಡಿದೆ ಎಂದು ನಂಬುವುದು ಕಷ್ಟ. ಅದನ್ನು ಅಲ್ಲಗಳೆದರೆ ಸುಳ್ಳಾಗುತ್ತದೆ. ಟೆಸ್ಸಾ ಬಾಗಿಲು ತೆಗೆದು ನನ್ನನ್ನು ಓಡಿಸುವವನ ಸೀಟಿನಲ್ಲಿ ಕೂರಿಸಿ, ತಾನು ಪಕ್ಕದಲ್ಲಿ ಕುಳಿತಳು.

ಸೀಟಿನ ಮೇಲಿನ ಪ್ಲಾಸ್ಟಿಕ್ಕನ್ನು ಅವನು ತೆಗೆದಿರಲಿಲ್ಲ. ಅದು ನನ್ನ ಕೆಳಗೆ ಚರಚರ ಎಂದಿತು. ಕಾಲಿಡುವಲ್ಲಿ ಕಾಗದದ ಹಾಳೆ ಹಾಸಿತ್ತು. ನಾನು ಚುಕ್ಕಾಣಿಯನ್ನು ಮುಟ್ಟಿದೆ, ಗೇರಿನ ಗುಂಡನ್ನು ಮುಟ್ಟಿದೆ. ಸೀಟಿನ ಸಂದಿಯಲ್ಲಿ ಬೆರಳಾಡಿಸಿದೆ. ಒಂದು ಕೂದಲಿಲ್ಲ, ರೊಟ್ಟಿಯ ಪುಡಿಯಿಲ್ಲ, ಬೆರಳಿನ ಗುರುತಿಲ್ಲ. ಎಲ್ಲವನ್ನೂ ಅವನೇ ಒರೆಸಿಟ್ಟಿದ್ದ.

"ಬೂಶಾ" ಎಂದಳು ಟೆಸ್ಸಾ. ಅಜ್ಜಿಯನ್ನು ನಮ್ಮ ಮನೆಗಳಲ್ಲಿ ಹಾಗೇ ಕರೆಯುವುದು. "ಇದರಲ್ಲಿ ಅಪ್ಪನ ವಾಸನೇನೇ ಇಲ್ಲ."

"ಹೊಸದಲ್ವೇನೇ" ಎಂದೆ.

"ನಾನು ಇಷ್ಟು ದಿನ ಇಲ್ಲಿ ಬರೋಕೇ ಹೆದರ್ತಿದ್ದೆ, ತುಂಬ ಅಳು ಬರುತ್ತೆ ಅಂತ. ಏನೂ ಬರ್ತಿಲ್ಲ. ಅಂಗಡೀಲಿ ಕೂತ ಹಾಗಿದೆ."

ನಾವು ಬಟ್ಟೆ ಹೊದಿಸಿ ಹೊರಗೆ ಬಂದೆವು.

ಅಂದೇ ಕೊಳ್ಳುವವನ ಕಡೆಯಿಂದ ಫೋನು ಬಂತು. ಎರಡು ಕೀಲಿಕೈಯೂ ಬೇಕು, ಎರಡೂ ಇಲ್ಲದಿದ್ದರೆ ವ್ಯಾಪಾರವಿಲ್ಲ. ಮನೆಯಲ್ಲಿ ಇದ್ದದ್ದು ಒಂದು. ಇನ್ನೊಂದನ್ನು ನಾರ್ಬರ್ಟ್ ತನ್ನ ಕೀಲಿಗಳ ಗೊಂಚಲಿನಲ್ಲೇ ಇಟ್ಟುಕೊಂಡು ಓಡಾಡುತ್ತಿದ್ದ. ಆ ಗೊಂಚಲು ಗುಜರಿ ಗಾಡಿಯ ಜೊತೆಗೇ ಹೋಗಿತ್ತು. ಗಾಡಿಯನ್ನು ಎಳೆದುಕೊಂಡು ಹೋಗಿ ಹಾಕಿದ ಅಂಗಳಕ್ಕೆ ಹೋಗಿ ಹುಡುಕಬೇಕು. ಕೊಲೀನ್ ತನ್ನಿಂದ ಆಗದು ಎಂದಳು. ಡ್ವೇನ್ ಒಬ್ಬನೇ ಹೋಗುತ್ತೇನೆಂದ. ನಾನೂ ಬರುತ್ತೇನೆಂದೆ.

"ಬೇಡ ಮಿಸೆಸ್ ಡಿ. ನೋಡೋ ಹಾಗಿಲ್ಲ ಅದು."

"ಅವನು ಹುಟ್ಟಿದಾಗ ಮೊದಲು ನೋಡಿದ್ದು ನಾನು ಕಣೋ. ಗಾಡಿ ತೆಗಿ."

ಅಂಗಳದ ಕಾವಲಿನವನು ಗೇಟು ತೆರೆದು ಕೈ ತೋರಿಸಿದ. ಗಾಡಿ ಬೇಲಿಯ ಪಕ್ಕದಲ್ಲಿತ್ತು. ಅವನು ಕೂತು ಓಡಿಸುತ್ತಿದ್ದ ಎಡಗಡೆಯ ಬಾಗಿಲು ಇರಲೇ ಇಲ್ಲ ಎನ್ನಬೇಕು. ಡ್ವೇನ್ ಬಲಗಡೆಯ ಬಾಗಿಲನ್ನು ಕಬ್ಬಿಣದ ಸಲಾಕೆಯಿಂದ ಮೀಟಿ ತೆರೆದ. ತೆರೆದೊಡನೆ ವಾಸನೆ ಬಂತು. ಕಾರ್ಖಾನೆಯ ಎಣ್ಣೆ, ತಣ್ಣಗಾದ ಕಾಫಿ, ಒದ್ದೆ ಉಣ್ಣೆ. ನನ್ನ ಮಗನ ವಾಸನೆ.

ಎಲ್ಲವೂ ಅಲ್ಲಿತ್ತು. ಯಂತ್ರದ ಸದ್ದಿಗೆ ಕಿವಿಗಿಡುವ ಹಳದಿ ಬಿರಡೆಗಳು ನೆಲದ ತುಂಬ. ಬೆರಳು ಹರಿದ ಕೈಗವಸು. ಗೇರಿನ ಕೋಲಿಗೆ ಟೆಸ್ಸಾಳ ಜಡೆಯ ರಬ್ಬರು; ಅವಳು ಸಣ್ಣವಳಿದ್ದಾಗಿನದು, ಬಣ್ಣ ಹೋಗಿತ್ತು. ನಾನು ಕೂರುತ್ತಿದ್ದ ಸೀಟಿನ ಮೇಲೆ ಮಡಚಿಟ್ಟ ಕಂಬಳಿ. ಆ ಗಾಡಿಯ ಬಿಸಿಗಾಳಿ ಮಂಡಿಯವರೆಗೆ ಬರುತ್ತಿರಲಿಲ್ಲ. ನನ್ನನ್ನು ಡಾಕ್ಟರ ಬಳಿಗೆ ಕರೆದುಕೊಂಡು ಹೋಗುವಾಗಲೆಲ್ಲ ಅವನು ಮೊದಲು ನನ್ನ ಕಾಲಿಗೆ ಅದನ್ನು ಸುತ್ತಿ, ಆಮೇಲೆ ಗಾಡಿ ಹೊರಡಿಸುತ್ತಿದ್ದ.

"ಡ್ವೇನ್" ಎಂದೆ. "ನಿಜ ಹೇಳು. ಅವತ್ತು ಆ ಕಾರಿನಲ್ಲಿ ಹೋಗಿದ್ರೆ? ಅಷ್ಟು ದೊಡ್ಡ ಬ್ರೇಕು ಅಂತಿದ್ನಲ್ಲ. ಉಳೀತಿದ್ನಾ?"

ಅವನು ಸಲಾಕೆಯನ್ನು ನೆಲಕ್ಕಿಟ್ಟ. "ಇಲ್ಲ ಮಿಸೆಸ್ ಡಿ. ಅದರ ಟೈರು ಬೇಸಿಗೆದು. ಚಳಿಗೆ ಕಲ್ಲಾಗುತ್ತೆ. ಆ ಸೇತುವೆಯವರೆಗೂ ಬರ್ತಿರ್ಲಿಲ್ಲ. ನಿಮ್ಮ ಬೀದಿ ತಿರುವಲ್ಲೇ ಜಾರ್ತಿತ್ತು."

"ಹಾಗಾದ್ರೆ ಯಾವುದು ಉಳಿಸ್ತಿತ್ತು?"

ಅವನು ಗುಜರಿ ಗಾಡಿಯ ಉಳಿದ ಗಾಲಿಯ ಹತ್ತಿರ ಕುಕ್ಕರಗಾಲಿನಲ್ಲಿ ಕುಳಿತು ಟೈರಿನ ಮೇಲೆ ಹೆಬ್ಬೆರಳು ಎಳೆದ. ಗೆರೆಗಳೇ ಇರಲಿಲ್ಲ. ಬೋಳಾಗಿತ್ತು. "ಚಳಿಗಾಲದ ಟೈರು. ಇದಕ್ಕೆ."

"ಅದಕ್ಕೆಷ್ಟಾಗುತ್ತೆ?"

"ಬಿಡಿ ಮಿಸೆಸ್ ಡಿ."

"ಹೇಳೋ."

"ಆ ಕೆಂಪು ಕಾರಿನ ಹಿಂದಿನ ಒಂದು ಟೈರಿದೆಯಲ್ಲ, ಅದೊಂದರ ಬೆಲೆಗೆ ಇದರ ನಾಲ್ಕೂ ಬರ್ತಿತ್ತು." ಅವನು ಮುಖ ತಿರುಗಿಸಿಕೊಂಡ. "ನನ್ನ ಅಂಗಡೀಲೇ ಇದ್ವು. ಕೇಳಿದ್ದೆ ಅವನನ್ನ. ನಕ್ಕ. ನಾನೂ ನಕ್ಕೆ."

ಕೀಲಿಯ ಗೊಂಚಲು ಚುಕ್ಕಾಣಿಯ ಕೆಳಗೆ ಹಾಗೇ ನೇತಾಡುತ್ತಿತ್ತು. ಡ್ವೇನ್‌ನ ದೊಡ್ಡ ಮೈ ಅಲ್ಲಿ ತೂರಲಿಲ್ಲ. ನಾನೇ ಕಂಬಳಿಯ ಮೇಲೆ ಮಂಡಿಯೂರಿ ಕೈ ಚಾಚಿ ತೆಗೆದೆ. ಆ ಕಾರಿನ ಕೀಲಿ ಹೊಳೆಯುತ್ತಿತ್ತು. ಉಳಿದವೆಲ್ಲ ಸವೆದಿದ್ದವು. ಅದನ್ನು ಕೈಯಲ್ಲಿ ಹಿಡಿದಾಗ, ದೂರದ ಆ ಒಣ ಊರಿನಲ್ಲಿ ಇನ್ನೊಂದು ಬಟ್ಟೆಯ ಕೆಳಗೆ ಮತ್ತೆ ಮಲಗಲಿರುವ ಆ ಕೆಂಪು ಕಾರು ಕಣ್ಣಿಗೆ ಬಂತು. ಬೇಲಿಯಾಚೆಗೆ ಎಸೆದುಬಿಡಬಹುದಿತ್ತು. ಹಿಮ ಕರಗುವವರೆಗೆ ಯಾರಿಗೂ ಸಿಗುತ್ತಿರಲಿಲ್ಲ. ಎಸೆದರೆ ಟೆಸ್ಸಾ ಮುಂದಿನ ಚಳಿಗಾಲಕ್ಕೆ ಯಾವ ಗಾಡಿಯಲ್ಲಿ ಹೋಗುತ್ತಾಳೆ ಎಂಬುದೂ ನನಗೆ ಗೊತ್ತಿತ್ತು.

ನಾನು ಆ ಒಂದು ಕೀಲಿಯನ್ನು ಬಿಡಿಸಿ ಡ್ವೇನ್‌ನ ಕೈಗೆ ಹಾಕಿದೆ. ನನಗೆ ಬೇಕಿದ್ದ ಉತ್ತರ ಸಿಕ್ಕಿತ್ತು: ಆ ಕಾರಿನಿಂದ ಅವನಿಗೆ ಒಂದು ಚೂರೂ ದಕ್ಕಿರಲಿಲ್ಲ. ಇನ್ನು ಹಿಡಿದುಕೊಳ್ಳಲು ಏನೂ ಇರಲಿಲ್ಲ.

"ಹೋಗಿ ಗಾಡೀಲಿ ಕೂತಿರಪ್ಪ. ಬರ್ತೀನಿ."

"ಚಳಿ ಇದೆ, ಮಿಸೆಸ್ ಡಿ."

"ಹೋಗು."

ಅವನ ಹೆಜ್ಜೆಯ ಸದ್ದು ದೂರವಾಯಿತು. ನಾನು ಕೂರುತ್ತಿದ್ದ ಜಾಗದಲ್ಲೇ ಕುಳಿತು, ನಾರ್ಬರ್ಟ್ ಕೂರುತ್ತಿದ್ದ ಸೀಟಿನ ಹರಕು ಬಟ್ಟೆಯ ಮೇಲೆ ಅಂಗೈಯಿಟ್ಟೆ. ವರ್ಷಗಟ್ಟಲೆ ಕುಳಿತು ಅಲ್ಲಿ ಅವನ ಮೈಯ ಗುಳಿ ಬಿದ್ದಿತ್ತು. ದಿನವೂ ಹೇಳುವ ಪ್ರಾರ್ಥನೆಗಳು ನೆನಪಿಗೆ ಬರಲಿಲ್ಲ. ಬಾಯಿಗೆ ಬಂದದ್ದನ್ನು ಹೇಳಿದೆ.

ಕರ್ತನೇ, ಇವನು ನಾರ್ಬರ್ಟ್, ನಿನ್ನ ಮಗ. ನನ್ನ ಬಳಿ ಸ್ವಲ್ಪ ಕಾಲ ಇದ್ದ. ತಪ್ಪು ವಸ್ತುವನ್ನು ಜೋಪಾನ ಮಾಡಿದ, ತನ್ನನ್ನು ಜೋಪಾನ ಮಾಡಿಕೊಳ್ಳಲಿಲ್ಲ. ಅವನ ಲೆಕ್ಕವನ್ನು ನಾವು ನೋಡುವ ಹಾಗೆ ನೋಡಬೇಡ. ಅವನು ದಣಿದಿದ್ದಾನೆ. ಎದ್ದು ಪಾಳಿಗೆ ಹೊರಡಬೇಕಾದ ಬೆಳಗು ಅವನಿಗೆ ಇನ್ನು ಬರದಿರಲಿ. ಅವನಿಗೆ ಬೆಚ್ಚಗಿನ ಒಂದು ಜಾಗ ಕೊಡು. ಮಲಗಲು ಬಿಡು. ಅವನ ಆತ್ಮಕ್ಕೆ ಶಾಂತಿ ಕೊಡು, ತಂದೆಯೇ. ಆಮೆನ್.